ಕಂಬದೊಳಗಿನ ಮೃಗ, ಗುಡ್ಡದ ಮೇಲಿನ ಚಿರತೆ

1941ರ ಡಿಸೆಂಬರ್‌ನಲ್ಲಿ ತೆರೆಕಂಡ ‘ದಿ ವುಲ್ಫ್ ಮ್ಯಾನ್’ ಚಿತ್ರದ ಕೊನೆಯಲ್ಲಿ ಅಪ್ಪನ ಕೈಯಿಂದಲೇ ಮಗ ಸಾಯುತ್ತಾನೆ. ವೇಲ್ಸ್ ಸೀಮೆಯ ಟಾಲ್ಬಟ್ ಮನೆತನದ ಹಳೆಯ ಕೋಟೆಗೆ ಕಿರಿಮಗ ಲ್ಯಾರಿ ಎಷ್ಟೋ ವರ್ಷಗಳ ಮೇಲೆ ಮರಳಿರುತ್ತಾನೆ. ಒಂದು ರಾತ್ರಿ ಹೆಣ್ಣೊಬ್ಬಳನ್ನು ತೋಳದ ಬಾಯಿಂದ ಬಿಡಿಸಲು ಹೋಗಿ ತಾನೇ ಕಚ್ಚಿಸಿಕೊಳ್ಳುತ್ತಾನೆ. ಆಮೇಲೆ ಇರುಳು ಬಂದರೆ ಪಾದ ಪಂಜವಾಗುತ್ತದೆ, ಮೈಮೇಲೆಲ್ಲ ರೋಮ ಏಳುತ್ತದೆ. ಬೆಳಗಾದರೆ ಮತ್ತೆ ಮನುಷ್ಯ, ರಾತ್ರಿ ಯಾರ ಜೀವ ತೆಗೆದೆನೋ ಎಂಬ ಸಂಕಟ. ಕಡೆಗೆ ಮಂಜು ಕವಿದ ಕಾಡಿನಲ್ಲಿ ಅಪ್ಪ ಸರ್ ಜಾನ್ ಬೆಳ್ಳಿ ಹಿಡಿಕೆಯ ಊರುಗೋಲಿನಿಂದ ಆ ಮೃಗವನ್ನು ಬಡಿದು ಕೆಡವುತ್ತಾನೆ. ಸತ್ತುಬಿದ್ದ ಮೃಗದ ಮುಖ ನಿಧಾನವಾಗಿ ಮಗನ ಮುಖವಾಗುತ್ತದೆ.

ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಪೌರಾಣಿಕ ನಾಟಕ ಕಟ್ಟುವವರಿಗೆ ಇದರ ತಿರುವುಮುರುವಾದ ಪ್ರಹ್ಲಾದನ ಕತೆ ಬಾಯಿಪಾಠ. ಅಲ್ಲಿಯೂ ಅರಮನೆ ಇದೆ, ಅಪ್ಪ-ಮಗ ಇದ್ದಾರೆ, ಅರ್ಧ ಮನುಷ್ಯ ಅರ್ಧ ಮೃಗವಾದ ಭೀಕರ ರೂಪವೂ ಇದೆ. ಆದರೆ ಅಲ್ಲಿ ರಾಕ್ಷಸನಾಗಿರುವವನು ಮನುಷ್ಯರೂಪದ ಅಪ್ಪ ಹಿರಣ್ಯಕಶಿಪು. ಮಗನನ್ನು ಬೆಟ್ಟದಿಂದ ತಳ್ಳಿಸಿದವನು, ವಿಷ ಕುಡಿಸಿದವನು, ಆನೆಯ ಕಾಲಡಿಗೆ ಹಾಕಿಸಿದವನು ಅವನೇ. ಕಂಬ ಒಡೆದು ಬರುವ ಮೃಗ, ನರಸಿಂಹ, ಮಗುವಿನ ಪಾಲಿಗೆ ಅಭಯ.

ಎರಡು ಕತೆಗಳನ್ನು ಎದುರುಬದುರು ಇಟ್ಟರೆ ಕಾಣುವ ವ್ಯತ್ಯಾಸ ಬರೀ ಪುರಾಣ-ಸಿನಿಮಾಗಳಿಗೆ ಸೇರಿದ್ದಲ್ಲ. ಮನುಷ್ಯನನ್ನು ಕೊಲ್ಲುವ ಮೃಗವೊಂದು ನಿಜವಾಗಿಯೂ ಊರಂಚಿಗೆ ಬಂದಾಗ ಜನ, ಪತ್ರಿಕೆ, ಟಿವಿ, ಸರ್ಕಾರ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಇಂಥ ಕತೆಗಳು ಬಹಳ ಮೊದಲೇ ಒಳಗಿನಿಂದ ತಿದ್ದಿರುತ್ತವೆ. 2019-20ರ ಚಳಿಗಾಲದಲ್ಲಿ ತುಮಕೂರು ಜಿಲ್ಲೆ ಅದನ್ನು ಮೈಮೇಲೆ ಅನುಭವಿಸಿತು. ಆ ಹೊತ್ತಿನಲ್ಲಿ ಈ ನೆಲ ತನ್ನದೇ ಕತೆಯನ್ನು ಬದಿಗಿಟ್ಟು ಬೆಳ್ಳಿ ಊರುಗೋಲಿನ ಕತೆಯನ್ನು ಕೈಗೆತ್ತಿಕೊಂಡಿತು ಎಂಬುದು ಈ ಲೇಖನದ ವಾದ.

ಮೊದಲು ಆ ಊರುಗೋಲು ಎಲ್ಲಿಂದ ಬಂತು ನೋಡಬೇಕು. ‘ದಿ ವುಲ್ಫ್ ಮ್ಯಾನ್’ ಚಿತ್ರಕತೆ ಬರೆದ ಕರ್ಟ್ ಸಿಯೋಡ್‌ಮ್ಯಾಕ್ ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಹುಟ್ಟಿದ ಯಹೂದಿ. 1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ದೇಶ ಬಿಟ್ಟವನು. ಚಿತ್ರದಲ್ಲಿ ತೋಳ-ಮನುಷ್ಯನಿಗೆ ತಾನು ಮುಂದೆ ಕೊಲ್ಲಲಿರುವವರ ಅಂಗೈಯಲ್ಲಿ ನಕ್ಷತ್ರದ ಗುರುತು ಕಾಣುತ್ತದೆ. ಅದೇ 1941ರ ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಯಹೂದಿಗಳು ಬಟ್ಟೆಯ ಮೇಲೆ ಹಳದಿ ನಕ್ಷತ್ರ ತೊಡಬೇಕೆಂಬ ಕಟ್ಟಳೆ ಜಾರಿಯಾಗಿತ್ತು. ನೆನ್ನೆಯವರೆಗೆ ಜೊತೆಗಿದ್ದ ನೆರೆಯವರೇ ರಾತ್ರೋರಾತ್ರಿ ಬೇಟೆಗಾರರಾದದ್ದನ್ನು ಕಂಡವನು ಬರೆದ ಕತೆ ಇದು ಎಂದು ಓದಿದರೆ ಆ ಚಿತ್ರದ ತೂಕವೇ ಬೇರೆ. ಲ್ಯಾರಿ ಕೆಟ್ಟವನಲ್ಲ, ದುರಾಸೆಯವನಲ್ಲ, ಯಾರಿಗೂ ದ್ರೋಹ ಬಗೆದವನಲ್ಲ. ಇಂಥವನೂ ಕೊಲೆಗಾರನಾಗಬಲ್ಲ ಎಂಬುದು ಅಲ್ಲಿಯ ದಿಗಿಲು.

ಆದರೆ ಜನಮನದಲ್ಲಿ ನಿಂತದ್ದು ಆ ದಿಗಿಲಲ್ಲ. ನಿಂತದ್ದು ಬೆಳ್ಳಿ, ಚಂದ್ರ, ಒಂಟಿ ಕೋಟೆ. ತೋಳ-ಮನುಷ್ಯ ಬೆಳ್ಳಿಗೆ ಮಾತ್ರ ಸಾಯುತ್ತಾನೆ ಎಂಬ ನಂಬಿಕೆ ಇವತ್ತು ಜಗತ್ತಿನಾದ್ಯಂತ ಹರಡಿದ್ದರೆ ಅದರ ಬಹುಪಾಲು ಕೀರ್ತಿ ಈ ಒಂದು ಚಿತ್ರದ್ದು. ಚಿತ್ರದ ಪಾತ್ರಗಳು ಮತ್ತೆಮತ್ತೆ ಹೇಳುವ ಪದ್ಯವನ್ನು ಪುರಾತನ ಜನಪದವೆಂದೇ ಎಷ್ಟೋ ಜನ ನಂಬಿದರು. ಅದನ್ನು ಕಟ್ಟಿದ್ದೂ ಸಿಯೋಡ್‌ಮ್ಯಾಕ್. ಸಿನಿಮಾ ಒಂದು ನಂಬಿಕೆಯನ್ನು ಹುಟ್ಟಿಸಿ ಅದಕ್ಕೆ ಶತಮಾನಗಳ ವಯಸ್ಸನ್ನೂ ಕೊಟ್ಟುಬಿಡಬಲ್ಲದು.

ಹಳೆಯ ಯುರೋಪಿನಲ್ಲಿ ಮನುಷ್ಯ ತೋಳವಾಗುತ್ತಾನೆಂಬ ನಂಬಿಕೆಗೆ ಬಲಿಯಾದವರು ತೋಳಗಳಷ್ಟೇ ಅಲ್ಲ. 1589ರಲ್ಲಿ ಜರ್ಮನಿಯ ಕಲೋನ್ ಬಳಿಯ ಬೆಡ್‌ಬುರ್ಗ್‌ನಲ್ಲಿ ಪೀಟರ್ ಸ್ಟುಂಪ್ ಎಂಬ ರೈತನನ್ನು ತೋಳವಾಗಿ ಜನರನ್ನು ತಿಂದನೆಂಬ ಆರೋಪದ ಮೇಲೆ ಚಿತ್ರಹಿಂಸೆಗೊಳಪಡಿಸಿ ತಪ್ಪೊಪ್ಪಿಗೆ ಹೇಳಿಸಿದರು, ಆಮೇಲೆ ಚಕ್ರಕ್ಕೆ ಕಟ್ಟಿ ಕೊಂದರು. ಅವನ ಮಗಳಿಗೂ ಅದೇ ದಿನ ಮರಣದಂಡನೆಯಾಯಿತು. ದಕ್ಷಿಣ ಫ್ರಾನ್ಸಿನ ಜೆವೊದಾನ್‌ನಲ್ಲಿ 1764ರಿಂದ 1767ರವರೆಗೆ ಸುಮಾರು ನೂರು ಜನ, ಅದರಲ್ಲೂ ಹೆಂಗಸರು ಮಕ್ಕಳು, ಕಾಡುಪ್ರಾಣಿಯ ಬಾಯಿಗೆ ಬಿದ್ದಾಗಲೂ ಅದು ಬರೀ ಪ್ರಾಣಿಯಲ್ಲ ಎಂಬ ಸುದ್ದಿಯೇ ಮುಂದೆ ಓಡಿತು.

ಇನ್ನು ಇಲ್ಲಿಯ ಕೋಟೆಗಳ ಕಡೆ ಬರೋಣ. ಒಂಟಿ ಕೋಟೆಗೆ ತುಮಕೂರು ಜಿಲ್ಲೆಯಲ್ಲಿ ಬರವಿಲ್ಲ. ಕುಣಿಗಲ್ ತಾಲ್ಲೂಕಿನಲ್ಲೇ ಹುಲಿಯೂರುದುರ್ಗ, ಹುತ್ರಿದುರ್ಗ ಇವೆ. ಸುತ್ತುಸುತ್ತಾಗಿ ಗೋಡೆಗಳು ಮೇಲೇರುವ ಹುತ್ರಿದುರ್ಗವನ್ನು 1791ರ ಡಿಸೆಂಬರ್‌ನಲ್ಲಿ, ನೆರೆಯ ಸಾವನದುರ್ಗ ಬಿದ್ದ ಕೆಲವೇ ದಿನಗಳಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನಿಂದ ಕಸಿದುಕೊಂಡಿತ್ತು. ಈಗ ಅಲ್ಲಿ ಕೊತ್ತಲಗಳ ಕಲ್ಲಿನ ಸಂದಿಗಳಲ್ಲಿ ಪೊದೆ ಬೆಳೆದಿದೆ. ತುಮಕೂರಿನ ನೆತ್ತಿಯ ಮೇಲೆ ನಿಂತಂತಿರುವ ದೇವರಾಯನದುರ್ಗವೂ ಕೋಟೆಯ ಬೆಟ್ಟವೇ. ಶಿಂಷಾ, ಜಯಮಂಗಲಿ ಹುಟ್ಟುವುದು ಇದೇ ಬೆಟ್ಟಸಾಲಿನಲ್ಲಿ. ಈ ಕೋಟೆಯೊಳಗೆ ಕಾದಿರುವ ಮನುಷ್ಯ-ಮೃಗ ಶಾಪಗ್ರಸ್ತನಲ್ಲ. ಕೆಳಗೆ ಭೋಗನರಸಿಂಹ, ಬೆಟ್ಟದ ಮೇಲೆ ಯೋಗನರಸಿಂಹ. ಯೋಗಪಟ್ಟಿಯಿಂದ ಮೊಣಕಾಲು ಕಟ್ಟಿ ಕೂತ ಸಿಂಹಮುಖದ ಮುಂದೆ ಜನ ಮಕ್ಕಳನ್ನು ಕರೆದುಕೊಂಡು ಹೋಗಿ ಮಂಗಳಾರತಿ ತೆಗೆದುಕೊಳ್ಳುತ್ತಾರೆ.

ನರಸಿಂಹನ ಕತೆಯೂ ರಕ್ತದಲ್ಲಿ ಅದ್ದಿದ್ದೇ. ಹೊಟ್ಟೆ ಬಗೆದು ಕರುಳ ಮಾಲೆ ಹಾಕಿಕೊಳ್ಳುವ ದೇವರನ್ನು ಸೌಮ್ಯ ಎನ್ನಲಾಗದು. ಗಮನಿಸಬೇಕಾದದ್ದು ಆಮೇಲಿನ ಭಾಗ. ಹಿರಣ್ಯಕಶಿಪು ಸತ್ತರೂ ಉಗ್ರರೂಪ ಇಳಿಯುವುದಿಲ್ಲ. ದೇವತೆಗಳು ಹತ್ತಿರ ಹೋಗಲು ಹೆದರುತ್ತಾರೆ, ಲಕ್ಷ್ಮಿಯೇ ಹಿಂಜರಿಯುತ್ತಾಳೆ. ಮೃಗ ಈಗ ಎಲ್ಲರಿಗೂ ಅಪಾಯ. ಟಾಲ್ಬಟ್ ಕೋಟೆಯ ಕತೆಯಾಗಿದ್ದರೆ ಈ ಹೊತ್ತಿಗೆ ಊರಿನವರು ಪಂಜು ಹಿಡಿದು ಬಂದಿರುತ್ತಿದ್ದರು. ಭಾಗವತದ ಕತೆಯಲ್ಲಿ ಒಂದು ಮಗು ಎದುರು ಹೋಗಿ ನಿಲ್ಲುತ್ತದೆ, ಮೃಗ ಶಾಂತವಾಗುತ್ತದೆ. ಶೈವರು ಇದೇ ಕತೆಯನ್ನು ನರಸಿಂಹನನ್ನು ಅಡಗಿಸುವ ಶರಭನನ್ನು ತಂದು ಬೇರೆ ಬಗೆಯಲ್ಲಿ ಮುಗಿಸಿದರು, ಆ ಜಗಳ ಹಳೆಯದು. ತುಮಕೂರು ಸೀಮೆಯ ಬಯಲಿನಲ್ಲಿ ಆಡಿಕೊಂಡು ಬಂದದ್ದು ಮಾತ್ರ ಮಗು ಎದುರು ನಿಲ್ಲುವ ಅಂಕವನ್ನೇ.

ಈ ಅಂಕಕ್ಕೆ ಇಲ್ಲಿ ಎಂಥ ಬಾಳಿಕೆಯಿದೆ ಎಂಬುದಕ್ಕೆ ಗುಬ್ಬಿಯೇ ಸಾಕ್ಷಿ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘ, ಮುಂದೆ ವೀರಣ್ಣನವರ ಕೈಯಲ್ಲಿ ಗುಬ್ಬಿ ಕಂಪನಿಯಾಗಿ, ರಂಗದ ಮೇಲೆ ಆನೆ-ಕುದುರೆ ತಂದು ನಿಲ್ಲಿಸಿ, ಬೆರಗು ಹುಟ್ಟಿಸುವ ಸೀನುಗಳಿಗೆ ಹೆಸರಾಯಿತು. ಕಂಪನಿಯ ನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಹಿರಣ್ಯಕಶಿಪುವಿನ ಅಬ್ಬರವನ್ನು ನೋಡಿದವರು ಬಹುಕಾಲ ನೆನೆಯುತ್ತಿದ್ದರು. ಅವರ ಮಗ ಮುತ್ತುರಾಜ ಅದೇ ಕಂಪನಿಯಲ್ಲಿ ಬೆಳೆದು ರಾಜಕುಮಾರ್ ಆದರು. 1983ರ ‘ಭಕ್ತ ಪ್ರಹ್ಲಾದ’ ಚಿತ್ರದಲ್ಲಿ ಅಪ್ಪ ಮಾಡಿದ ಪಾತ್ರವನ್ನು ತಾವು ಮಾಡಿದರು. ಆ ಚಿತ್ರದ ಪ್ರಹ್ಲಾದ ಅವರ ಮಗ, ಆಗಿನ ಮಾಸ್ಟರ್ ಲೋಹಿತ್, ಮುಂದಿನ ಪುನೀತ್ ರಾಜಕುಮಾರ್. ಮಗನನ್ನು ಕೊಲ್ಲಿಸಲು ಹೊರಟ ಅಪ್ಪನ ಪಾತ್ರದಲ್ಲಿ ಅಪ್ಪನನ್ನೂ, ಬದುಕುಳಿಯುವ ಮಗನ ಪಾತ್ರದಲ್ಲಿ ಮಗನನ್ನೂ ಕನ್ನಡಿಗರು ಕಂಡರು.

ಹಳ್ಳಿಯ ನಾಟಕದಲ್ಲಿ ಕಂಬ ಒಡೆಯುವ ಗಳಿಗೆಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಕೈಚಳಕ ಗೊತ್ತು. ಸೀನರಿಯವರು ತಂದ ಕಂಬ ಬಿದಿರು ದಬ್ಬೆಯ ಚೌಕಟ್ಟು, ಅದರ ಮೇಲೆ ಬಣ್ಣ ಬಳಿದ ರಟ್ಟು. ನರಸಿಂಹನ ವೇಷದವನು ಅಂಕಕ್ಕೆ ಬಹಳ ಮೊದಲೇ ಒಳಗೆ ಸೇರಿ, ಬೆವರುತ್ತ, ಮುಖಕ್ಕೆ ಕಟ್ಟಿದ ಕೇಸರ ಸರಿಮಾಡಿಕೊಳ್ಳುತ್ತ ಕಾಯಬೇಕು. ಹಿರಣ್ಯಕಶಿಪು ಕಂದ ಹಾಡಿ, ಗದೆ ಎತ್ತಿ ಹೊಡೆದೊಡನೆ ಹಾರ್ಮೋನಿಯಂ ಮೇಷ್ಟ್ರು ಎಲ್ಲ ಮನೆಗಳನ್ನೂ ಒತ್ತುತ್ತಾರೆ, ತಬಲ ಭೋರ್ಗರೆಯುತ್ತದೆ, ಸೈಡ್‌ವಿಂಗಿನಿಂದ ಸಾಂಬ್ರಾಣಿ ಹೊಗೆ ನುಗ್ಗುತ್ತದೆ, ಕಂಬ ಎರಡು ಹೋಳು. ಮುಂದಿನ ಸಾಲಿನ ಮಕ್ಕಳು ಅಮ್ಮಂದಿರ ಮಡಿಲಿಗೆ ಮುಖ ಹುದುಗಿಸುತ್ತವೆ. ವೇಷದವನನ್ನು ಹಿಡಿದುಕೊಳ್ಳಲು ಗಟ್ಟಿಮುಟ್ಟಾದ ಆಳುಗಳನ್ನು ನಿಲ್ಲಿಸುವುದೂ ಉಂಟು. ತಂಜಾವೂರು ಜಿಲ್ಲೆಯ ಮೇಲಟ್ಟೂರಿನ ಭಾಗವತಮೇಳದಲ್ಲಿ ನರಸಿಂಹನ ಮುಖವಾಡಕ್ಕೆ ಪೂಜೆ ನಡೆಯುತ್ತದೆ, ತೊಡುವವನು ಉಪವಾಸವಿರುತ್ತಾನೆ, ರಂಗದ ಮೇಲೆ ಅವನನ್ನು ಜನ ಹಿಡಿದುಕೊಂಡಿರುತ್ತಾರೆ. ಮನುಷ್ಯ ನಿಜವಾಗಿಯೂ ಮೃಗವಾಗಬಲ್ಲ ಎಂಬ ನಂಬಿಕೆ ಹಾಲಿವುಡ್ಡಿಗಿಂತ ಇಲ್ಲೇ ಹೆಚ್ಚು ಗಟ್ಟಿಯಾಗಿದೆ. ಆದರೆ ಅದಕ್ಕೆ ಈ ಜನ ಕಂಡುಕೊಂಡ ಉಪಾಯ ಹಿಡಿದುಕೊಳ್ಳುವುದು, ತಣಿಸುವುದು, ವೇಷ ಕಳಚಿಸಿ ಮನೆಗೆ ಕಳಿಸುವುದು.

ಕನ್ನಡದ ಅತ್ಯಂತ ಜನಪ್ರಿಯ ಅರಮನೆ-ಭಯದ ಚಿತ್ರವೂ ಇದೇ ದಾರಿ ಹಿಡಿದದ್ದು ಆಕಸ್ಮಿಕವಲ್ಲ. 1993ರ ಮಲಯಾಳಂ ‘ಮಣಿಚಿತ್ರತಾಳ್’ ಕತೆಯನ್ನು ಆಧರಿಸಿ ಪಿ. ವಾಸು ನಿರ್ದೇಶಿಸಿದ ‘ಆಪ್ತಮಿತ್ರ’ 2004ರಲ್ಲಿ ಬಂತು. ಹಳೆಯ ಅರಮನೆ, ತೆರೆಯಬಾರದ ಕೋಣೆ, ಇರುಳಲ್ಲಿ ನಾಗವಲ್ಲಿ ಎಂಬ ಬೇರೊಬ್ಬಳಾಗುವ ಗಂಗಾ. ಬೆಳಗ್ಗೆ ಎದ್ದರೆ ರಾತ್ರಿಯ ನೆನಪಿಲ್ಲ. ಹೂಬೇಹೂಬು ಲ್ಯಾರಿ ಟಾಲ್ಬಟ್‌ನ ಕಷ್ಟ. ಗಂಗಾ ಪಾತ್ರದ ಸೌಂದರ್ಯ ಅವರ ಕಣ್ಣು ಬದಲಾಗುವ ಆ ದೃಶ್ಯದಲ್ಲಿ ರೋಮವೂ ಬೇಕಿಲ್ಲ, ಕೋರೆಹಲ್ಲೂ ಬೇಕಿಲ್ಲ. ವಿಷ್ಣುವರ್ಧನ್ ಮಾಡಿದ ವೈದ್ಯನ ಪಾತ್ರ ಅವಳನ್ನು ಕೊಲ್ಲಲು ಒಪ್ಪುವುದಿಲ್ಲ. ನಾಗವಲ್ಲಿಗೆ ಬೇಕಾದ ಸೇಡು ತೀರಿತೆಂದು ನಂಬಿಸುವ ಒಂದು ನಾಟಕ ಕಟ್ಟುತ್ತಾನೆ. ಸೇಡಿನ ಏಟು ಬೀಳುವುದು ಮನುಷ್ಯನ ಬದಲಿಗೆ ಇಟ್ಟ ಬೊಂಬೆಯ ಮೇಲೆ. ಗಂಗಾ ಉಳಿಯುತ್ತಾಳೆ. ಚಿತ್ರದಲ್ಲಿ ಮನೋವೈದ್ಯವನ್ನು ತೋರಿಸಿದ ರೀತಿಗೆ ವೈದ್ಯರ ತಕರಾರು ಇರಬಹುದು, ಇರಬೇಕು ಕೂಡ. ಆದರೂ ತಿಂಗಳುಗಟ್ಟಲೆ ಥಿಯೇಟರು ತುಂಬಿಸಿದ ಜನಕ್ಕೆ ಆ ಮುಕ್ತಾಯ ಪರಕೀಯವೆನಿಸಲಿಲ್ಲ.

ಇಷ್ಟೆಲ್ಲ ಇದ್ದ ನೆಲದಲ್ಲಿ 2019ರ ಅಕ್ಟೋಬರ್‌ನಿಂದ 2020ರ ಫೆಬ್ರುವರಿ ಕೊನೆಯವರೆಗಿನ ಐದು ತಿಂಗಳು ನಡೆದದ್ದೇನು? ಕುಣಿಗಲ್, ಗುಬ್ಬಿ, ತುಮಕೂರು ತಾಲ್ಲೂಕುಗಳು ಒಂದಕ್ಕೊಂದು ತಾಗುವ ಹೆಬ್ಬೂರು ಸುತ್ತಿನ ಸೀಮೆಯಲ್ಲಿ ಚಿರತೆ ದಾಳಿಗೆ ಒಬ್ಬರಾದ ಮೇಲೊಬ್ಬರು ಸತ್ತರು. ಬನ್ನಿಕುಪ್ಪೆ, ಮಣಿಕುಪ್ಪೆ, ಬೈಚೇನಹಳ್ಳಿ ಎಂಬ ಊರುಗಳ ಹೆಸರು ರಾಜ್ಯಕ್ಕೆಲ್ಲ ಗೊತ್ತಾದದ್ದು ಹೀಗೆ. ಸತ್ತವರಲ್ಲಿ ವಯಸ್ಸಾದವರಿದ್ದರು, ಶಾಲೆಯ ಮೆಟ್ಟಿಲನ್ನೂ ಸರಿಯಾಗಿ ಹತ್ತದ ಮಕ್ಕಳಿದ್ದರು. ಸಂಜೆ ಐದಾಯಿತೆಂದರೆ ಬಾಗಿಲು ಹಾಕುವ ಊರುಗಳಾದವು ಅವು. ತೋಟದ ಮನೆಯವರು ಊರೊಳಗಿನ ನೆಂಟರ ಮನೆಗೆ ಬಂದು ಮಲಗುವಂತಾಯಿತು. ಈ ಸಂಕಟವನ್ನು ಹಗುರವಾಗಿ ಕಂಡ ಯಾವ ವಾದವೂ ನಿಲ್ಲಬಾರದು.

ಆಗ ಹಬ್ಬಿದ ಕತೆಯ ಆಕಾರ ಮಾತ್ರ ಟಾಲ್ಬಟ್ ಕೋಟೆಯದೇ. ನರಭಕ್ಷಕ ಒಂದಿದೆ, ಅದಕ್ಕೆ ಮನುಷ್ಯರ ರುಚಿ ಹತ್ತಿದೆ, ಅದನ್ನು ಕಂಡಲ್ಲಿ ಗುಂಡಿಕ್ಕಿದರೆ ಊರಿನ ಶಾಪ ತೀರುತ್ತದೆ. ಟಿವಿಯಲ್ಲಿ ರಕ್ತವರ್ಣದ ಅಕ್ಷರ, ಎದೆ ನಡುಗಿಸುವ ಸಂಗೀತ, ಬೇರೆಲ್ಲೋ ತೆಗೆದ ಚಿರತೆಯ ಹಲ್ಲಿನ ಚಿತ್ರ. ಅರಣ್ಯ ಇಲಾಖೆ ಬೋನು ಇಟ್ಟಿತು, ಬೋನಿಗೆ ಚಿರತೆಗಳು ಬಿದ್ದವು, ಒಂದಲ್ಲ, ಹಲವು. ಬಿದ್ದದ್ದು ಕೊಂದದ್ದೇ ಆಗಿತ್ತೇ ಎಂಬ ಪ್ರಶ್ನೆಗೆ ಬೋನಿನ ಸುತ್ತ ಸೇರಿದ ಜನರ ಬಳಿ ವ್ಯವಧಾನವಿರಲಿಲ್ಲ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎಂಬ ಗಾದೆ ಕನ್ನಡಿಗರು ತಮ್ಮ ಮೇಲೆಯೇ ಹೇಳಿಕೊಂಡ ಎಚ್ಚರಿಕೆ.

ಹೀಗೆ ಆಗುವುದು ಮೊದಲೂ ಅಲ್ಲ. ಕೆನೆತ್ ಆ್ಯಂಡರ್ಸನ್ ಬರೆದ ಗುಮ್ಮಳಾಪುರದ ಚಿರತೆಯ ಕತೆ ಕರ್ನಾಟಕದ ಗಡಿಗೆ ಅಂಟಿಕೊಂಡ, ಕನ್ನಡ ಮಾತಾಡುವ ಸೀಮೆಯದು. 42 ಜನರನ್ನು ಕೊಂದ ಆ ಪ್ರಾಣಿಯನ್ನು ಅಲ್ಲಿಯವರು ದೆವ್ವವೆಂದೇ ತಿಳಿದಿದ್ದರು. ಆ್ಯಂಡರ್ಸನ್ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕತೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದಾಗ ಒಂದು ಸಂಪುಟಕ್ಕೆ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಎಂದೇ ಹೆಸರಿಟ್ಟರು. ಮಾಗಡಿ ಎಂದರೆ ಕುಣಿಗಲ್ಲಿನ ಪಕ್ಕದ ತಾಲ್ಲೂಕು. ಅಂದರೆ ಚಿರತೆ ಈ ಸೀಮೆಗೆ ಈಚೆಗೆ ದಾರಿ ತಪ್ಪಿ ಬಂದ ಅತಿಥಿಯಲ್ಲ. ಬಂಡೆಗುಡ್ಡ, ಕುರುಚಲು ಕಾಡು, ಪಾಳುಬಿದ್ದ ಕೋಟೆಗೋಡೆ ಅದರ ಹಳೆಯ ಮನೆ. ಹೊಸದಾಗಿ ಬಂದದ್ದು ಬೇರೆ: ಹೇಮಾವತಿ ನಾಲೆಯ ನೀರಿನ ಜೊತೆಗೆ ವರ್ಷವಿಡೀ ಹಸಿರಾಗಿ ನಿಲ್ಲುವ ಅಡಿಕೆ-ತೆಂಗಿನ ತೋಟ, ಬೀಳುಬಿಟ್ಟ ಹೊಲದಲ್ಲಿ ಆಳೆತ್ತರ ಬೆಳೆದ ಲಂಟಾನ, ಗುಡ್ಡದ ಬುಡಕ್ಕೇ ಬಂದ ಕಲ್ಲು ಕ್ವಾರಿಗಳು, ಕೋಳಿ ಅಂಗಡಿಯ ತ್ಯಾಜ್ಯಕ್ಕೆ ಮುತ್ತುವ ಬೀದಿನಾಯಿಗಳು. ನಾಯಿ ಇದ್ದಲ್ಲಿ ಚಿರತೆಗೆ ಊಟ ಇದೆ.

ಕೇಂದ್ರ ಸರ್ಕಾರದ 2022ರ ಅಂದಾಜಿನಂತೆ ದೇಶದಲ್ಲಿ 13,874 ಚಿರತೆಗಳಿವೆ, ಕರ್ನಾಟಕದಲ್ಲಿ 1,879. ಇದು ಮುಖ್ಯವಾಗಿ ಕಾಡುಗಳನ್ನು ಆಧರಿಸಿದ ಲೆಕ್ಕ. ತೋಟ, ಹೊಲ, ಗುಡ್ಡಗಳ ನಡುವೆ ಬದುಕುವ ತುಮಕೂರಿನಂಥ ಸೀಮೆಯ ಚಿರತೆಗಳೆಲ್ಲ ಇದರೊಳಗೆ ಬಂದಿರುವುದಿಲ್ಲ. ಇಷ್ಟು ಸಂಖ್ಯೆಯ ಪ್ರಾಣಿಗಳಲ್ಲಿ ಬಹುಪಾಲು ಮನುಷ್ಯರ ಸದ್ದು ಕೇಳಿದರೆ ಪಕ್ಕಕ್ಕೆ ಸರಿದು ಹೋಗುವಂಥವು. ಮೃಗವೆಂದರೆ ಒಂದೇ, ಅದನ್ನು ಕೊಂದರೆ ಮುಗಿಯಿತು ಎಂಬ ಸಿನಿಮಾದ ಗಣಿತ ಇಲ್ಲಿ ಹೊಂದುವುದೇ ಇಲ್ಲ.

ಹಿಡಿದು ದೂರ ಬಿಟ್ಟರಾಗದೇ ಎಂಬ ಪ್ರಶ್ನೆಗೆ ಪುಣೆ ಜಿಲ್ಲೆಯ ಜುನ್ನರ್ ಉತ್ತರ ಕೊಟ್ಟಿದೆ. ಕಬ್ಬಿನ ಗದ್ದೆಗಳ ಆ ಸೀಮೆಯಲ್ಲಿ 2001ರ ಹೊತ್ತಿಗೆ ಚಿರತೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಬೋನಿಗೆ ಹಾಕಿ ಕಾಡಿಗೆ ಬಿಡುವ ಕಾರ್ಯಕ್ರಮ ಶುರುವಾಯಿತು. ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಅದನ್ನು ಅಭ್ಯಾಸ ಮಾಡಿ 2011ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿದವರು ಬೆಚ್ಚಬೇಕು: ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4 ಇದ್ದದ್ದು ಸ್ಥಳಾಂತರದ ನಂತರ 17ಕ್ಕೆ ಏರಿತ್ತು. ನೆಲೆ ತಪ್ಪಿದ ಪ್ರಾಣಿ ಬೋನಿನಲ್ಲಿ ಗಾಯಗೊಂಡು, ಗುರುತಿಲ್ಲದ ಜಾಗಕ್ಕೆ ಬಿದ್ದು, ಹಳೆಯ ನೆಲೆಗೆ ಮರಳಲು ಹತ್ತಾರು ಊರು ದಾಟುತ್ತದೆ. ಅದು ಖಾಲಿ ಮಾಡಿದ ಜಾಗಕ್ಕೆ ಇನ್ನೊಂದು ಬರುತ್ತದೆ. ಊರಿಗೆ ಒಳ್ಳೆಯದಾಗಲೆಂದೇ ಮಾಡಿದ ಕೆಲಸ ಬೇರೆ ಊರಿನ ಮಕ್ಕಳಿಗೆ ಅಪಾಯ ತಂದಿತು.

ತುಮಕೂರು ಮೂಲದ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಕರ್ನಾಟಕದ ಚಿರತೆಗಳ ಬಗ್ಗೆ ವರ್ಷಗಳಿಂದ ಇದೇ ಮಾತು ಹೇಳುತ್ತ ಬಂದಿದ್ದಾರೆ. 2016ರ ಫೆಬ್ರುವರಿಯಲ್ಲಿ ಬೆಂಗಳೂರಿನ ಶಾಲೆಯೊಂದಕ್ಕೆ ನುಗ್ಗಿದ ಚಿರತೆಯನ್ನು ಹಿಡಿಯುವಾಗ ಅದರ ಬಾಯಿಗೆ ಸಿಕ್ಕಿ ಆಸ್ಪತ್ರೆ ಸೇರಿದವರು ಅವರು. ಮೈಮೇಲೆ ಹಲ್ಲಿನ ಗುರುತು ಇರುವವರೊಬ್ಬರು ಪ್ರಾಣಿಯ ಮೇಲೆ ಸೇಡು ಬೇಡ, ಕಾರಣ ಹುಡುಕಿ ಎನ್ನುವಾಗ ಆ ಮಾತಿಗೆ ಬೆಲೆ ಜಾಸ್ತಿ.

ಇದಕ್ಕೆ ಎದುರಾಗಿ ಬರುವ ಮಾತು ಬಲವಾದದ್ದೇ. ಮಗುವನ್ನು ಕಳೆದುಕೊಂಡ ತಾಯಿಗೆ ನರಸಿಂಹನ ಕತೆ ಹೇಳಲಾಗದು, ಜುನ್ನರಿನ ಸರಾಸರಿಯನ್ನೂ ಹೇಳಲಾಗದು. ಮನುಷ್ಯರನ್ನೇ ಮತ್ತೆಮತ್ತೆ ಅರಸಿ ಬರುವ ಪ್ರಾಣಿ ಅಪರೂಪವಾದರೂ ಇದ್ದೇ ಇರುತ್ತದೆ; ಅಂಥದ್ದನ್ನು ಉಳಿಸಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮು ಸ್ಪಷ್ಟವಾಗಿದೆ. ಮನುಷ್ಯರ ಜೀವಕ್ಕೆ ಅಪಾಯವಾದ ಪ್ರಾಣಿಯನ್ನು ಹಿಡಿಯಲು, ಅರಿವಳಿಕೆ ಕೊಡಲು, ಬೇರೆಡೆ ಸಾಗಿಸಲು ಆಗದಿದ್ದರೆ ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಅದನ್ನು ಕೊಲ್ಲಲು ಅಪ್ಪಣೆ ಕೊಡಬಹುದು. ಇದು ಸರಿ. ಆ ಅಪ್ಪಣೆ ಒಂದು ಗುರುತಿಸಿದ ಪ್ರಾಣಿಗೆ ಮಾತ್ರ ಸೇರಿದ್ದು, ಚಿರತೆ ಎಂಬ ಜಾತಿಗಲ್ಲ. ಕ್ಯಾಮೆರಾ, ಹೆಜ್ಜೆ, ಗಾಯದಿಂದ ತೆಗೆದ ಮಾದರಿ, ಇವುಗಳಿಂದ ಕೊಂದದ್ದು ಯಾವುದು ಎಂದು ಗೊತ್ತುಮಾಡಲು ಇಲಾಖೆಗೆ ಜನ ಸಮಯ ಕೊಡಬೇಕು, ಇಲಾಖೆ ಆ ಸಮಯವನ್ನು ದುಡಿದು ತೀರಿಸಬೇಕು.

ಗುರುತು ಹಿಡಿಯುವ ತಾಳ್ಮೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1996ರ ಪೂರ್ವ ಉತ್ತರ ಪ್ರದೇಶ ಉದಾಹರಣೆ. ಜೌನ್‌ಪುರ, ಪ್ರತಾಪ್‌ಗಢ, ಸುಲ್ತಾನ್‌ಪುರ ಕಡೆಯ ಹಳ್ಳಿಗಳಲ್ಲಿ ತೋಳಗಳು ಹತ್ತಾರು ಮಕ್ಕಳನ್ನು ಎತ್ತಿಕೊಂಡು ಹೋದವು. ಬಂದದ್ದು ತೋಳವಲ್ಲ, ತೋಳದ ರೂಪ ತಾಳಿದ ಮನುಷ್ಯ ಎಂಬ ಸುದ್ದಿ ಬೆಂಕಿಯಂತೆ ಹಬ್ಬಿತು. ಅದರ ಬೆನ್ನಿಗೆ ದಾರಿಹೋಕರನ್ನು, ಗುರುತಿಲ್ಲದವರನ್ನು ಗುಂಪು ಕಟ್ಟಿ ಹೊಡೆದು ಕೊಂದ ವರದಿಗಳು ಬಂದವು. ಬೆಡ್‌ಬುರ್ಗಿನ ಚಕ್ರಕ್ಕೂ ಈ ಹಳ್ಳಿಗಳಿಗೂ ನಡುವೆ ನಾನ್ನೂರು ವರ್ಷ ಕಳೆದಿತ್ತು. ನಿಜವಾದ ತೋಳಗಳು ಇದ್ದವು, ನಿಜವಾದ ಮಕ್ಕಳು ಸತ್ತಿದ್ದರು. ಕತೆ ಮಾತ್ರ ಕಲ್ಲನ್ನು ತಪ್ಪು ತಲೆಗೆ ಎಸೆಸಿತು.

ಕರ್ನಾಟಕದ ತೋಳದ ಪಾಡು ಬೇರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲಿನ ಹುಲ್ಲುಗಾವಲಿನಂಥ ತುಣುಕುಗಳಲ್ಲಿ, ಕೊಪ್ಪಳ ಜಿಲ್ಲೆ ಬಂಕಾಪುರದ ತೋಳಧಾಮದಲ್ಲಿ ಅದು ಹೇಗೋ ಉಳಿದುಕೊಂಡಿದೆ. ಸಿನಿಮಾದ ತೋಳಕ್ಕೆ ಹೋಲಿಸಿದರೆ ಅದು ಬಡಕಲು ಪ್ರಾಣಿ. ಕುರಿಮಂದೆಯಿಂದ ಆಗೊಮ್ಮೆ ಈಗೊಮ್ಮೆ ಒಂದು ಮರಿ ತೋಳಕ್ಕೆ ಹೋಗುವುದು ಇದ್ದದ್ದೇ ಎಂದು ಬಯಲುಸೀಮೆಯ ಕುರಿಗಾಹಿಗಳು ತಲೆಮಾರುಗಳಿಂದ ಲೆಕ್ಕ ಹಾಕಿಕೊಂಡು ಬಂದಿದ್ದಾರೆ. ಆ ಲೆಕ್ಕದಲ್ಲಿ ಪ್ರೀತಿಯೂ ಇಲ್ಲ, ಶಾಪವೂ ಇಲ್ಲ.

ಚಿರತೆಯ ಮಟ್ಟಿಗೆ ತಣಿಸುವುದು ಎಂದರೇನು? ಕೈಮುಗಿದು ಕೂರುವುದಂತೂ ಅಲ್ಲ. ಹಿರಣ್ಯಕಶಿಪು ಸತ್ತದ್ದು ಹಗಲೂ ಅಲ್ಲದ ಇರುಳೂ ಅಲ್ಲದ ಹೊತ್ತಿನಲ್ಲಿ, ಒಳಗೂ ಅಲ್ಲದ ಹೊರಗೂ ಅಲ್ಲದ ಹೊಸ್ತಿಲಲ್ಲಿ. ಚಿರತೆ ದಾಳಿಯೂ ಹೆಚ್ಚಾಗಿ ಇಂಥದೇ ಹೊತ್ತು-ಜಾಗ ಹುಡುಕುತ್ತದೆ: ಮುಸ್ಸಂಜೆ, ಹಿತ್ತಿಲಿನ ಅಂಚು, ಕೊಟ್ಟಿಗೆಯ ಪಕ್ಕ, ತೋಟದ ಬದು. ಹುಲ್ಲು ಕೊಯ್ಯಲು ಬಗ್ಗಿದ ಹೆಂಗಸು, ಬಯಲಿಗೆ ಕೂತ ಮನುಷ್ಯ, ಅಂಗಳದಲ್ಲಿ ಒಂಟಿಯಾಗಿ ಆಡುವ ಮಗು ಅದರ ಕಣ್ಣಿಗೆ ಗಿಡ್ಡವಾಗಿ, ಬೇಟೆಯಂತೆ ಕಾಣುತ್ತಾರೆ. ಹಾಗಾಗಿ ಕೆಲಸ ಆಗಬೇಕಾದದ್ದು ಇದೇ ಗಡಿಯಲ್ಲಿ. ಮನೆ ಸುತ್ತಲ ಲಂಟಾನ ಕಡಿದು ಬಯಲು ಮಾಡುವುದು, ಕುರಿ-ಮೇಕೆ ಹಟ್ಟಿಗೆ ಮೇಲ್ಛಾವಣಿ ಸಮೇತ ಜಾಲರಿ ಹಾಕಿಸುವುದು, ತೋಟದ ಮನೆಗೆ ಬೀದಿದೀಪ, ಮನೆಗೇ ಅಂಟಿಕೊಂಡ ಶೌಚಾಲಯ, ಕೋಳಿ ತ್ಯಾಜ್ಯದ ರಾಶಿ ಎತ್ತಿಸುವುದು, ಸತ್ತ ದನಕ್ಕೆ ಪರಿಹಾರ ತಿಂಗಳುಗಟ್ಟಲೆ ಅಲೆಸದೆ ಕೊಡುವುದು. ಯಾವುದೂ ಟಿವಿಯಲ್ಲಿ ತೋರಿಸುವಷ್ಟು ರೋಚಕವಲ್ಲ. ಬೋನು ಕಾಣುತ್ತದೆ, ಬಂದೂಕು ಕಾಣುತ್ತದೆ, ಜಾಲರಿ ಕಾಣುವುದಿಲ್ಲ.

ಭಯ ಇಳಿದಾಗ ಏನು ಸಾಧ್ಯ ಎಂಬುದನ್ನೂ ತುಮಕೂರು ತೋರಿಸಿದೆ. ಶೆಟ್ಟಿಹಳ್ಳಿ, ಜಯನಗರದಂಥ ಬಡಾವಣೆಗಳಲ್ಲಿ ಹೊಲಗಳು ಸೈಟುಗಳಾಗಿ, ಸೈಟುಗಳು ಮನೆಗಳಾಗಿ ನಗರ ಗುಡ್ಡಗಳ ಕಡೆಗೆ ಬೆಳೆಯುತ್ತಲೇ ಇದೆ. 2018ರಲ್ಲಿ ಜಯನಗರದ ಮನೆಯೊಂದಕ್ಕೆ ಹಗಲುಹೊತ್ತಿನಲ್ಲೇ ಚಿರತೆ ನುಗ್ಗಿತು. ಭಯದ ಸಿನಿಮಾಕ್ಕೆ ಬೇಕಾದ್ದೆಲ್ಲ ಅಲ್ಲಿತ್ತು: ನಾಲ್ಕು ಗೋಡೆಯೊಳಗೆ ಮೃಗ, ಅದೇ ಮನೆಯೊಳಗೆ ಇಬ್ಬರು ಹೆಂಗಸರು. ಅವರು ಬಚ್ಚಲುಮನೆ ಸೇರಿ ಬಾಗಿಲು ಹಾಕಿಕೊಂಡರು, ರಕ್ಷಣೆಗೆ ಬಂದವರು ಅವರನ್ನು ಹೊರಗೆ ತಂದರು, ಚಿರತೆಗೆ ಅರಿವಳಿಕೆ ಕೊಟ್ಟು ಹಿಡಿದರು. ಅಂಥ ಇಕ್ಕಟ್ಟಿನಲ್ಲಿ ಪ್ರಾಣಿಯೂ ಬದುಕಿತು, ಮನುಷ್ಯರೂ ಬದುಕಿದರು. ಗಂಟೆಗಟ್ಟಲೆ ಬಾಗಿಲಾಚೆ ಕುಳಿತು ಕಾದ ಆ ಹೆಂಗಸರ ಧೈರ್ಯಕ್ಕೆ ಪ್ರಹ್ಲಾದನ ಹೆಸರಿಡಬೇಕಾಗಿಲ್ಲ, ಅದು ಅದಾಗಿಯೇ ದೊಡ್ಡದು.

ಕನ್ನಡ ಚಿತ್ರರಂಗದ ಗಾಂಧಿನಗರದಲ್ಲಿ ಯಾರಾದರೂ ಮೃಗಭಯದ ಚಿತ್ರ ಮಾಡಹೊರಟರೆ ವೇಲ್ಸಿನ ಮಂಜು, ಹುಣ್ಣಿಮೆ, ಬೆಳ್ಳಿ ಗುಂಡು ತರುವ ಖರ್ಚು ಬೇಕಿಲ್ಲ. ಹುತ್ರಿದುರ್ಗದ ಕೋಟೆಯ ಬುಡದಲ್ಲಿ ಒಂದು ಊರು ಸಾಕು. ಊರಿನವರು ಭಕ್ತ ಪ್ರಹ್ಲಾದ ನಾಟಕ ಕಲಿಯುತ್ತಿರುತ್ತಾರೆ. ಹಿರಣ್ಯಕಶಿಪು ಪಾತ್ರಧಾರಿಗೆ ನಿಜ ಬದುಕಿನಲ್ಲೂ ಒಬ್ಬ ಮಗನಿರುತ್ತಾನೆ. ಮೊದಲ ಸಾವಾಗುತ್ತದೆ. ಆಮೇಲೆ ಚಿರತೆಯನ್ನು ತೆರೆಯ ಮೇಲೆ ತೋರಿಸಬೇಕಾದದ್ದೂ ಅಪರೂಪ. ಜಾಸ್ತಿ ತೋರಿಸಬೇಕಾದದ್ದು ಗುಮಾನಿಯನ್ನು: ಗುಡ್ಡದ ಮೇಲೆ ಒಂಟಿಯಾಗಿ ಇರುವವನ ಮೇಲೆ, ಬೇರೆ ಊರಿಂದ ಕ್ವಾರಿ ಕೆಲಸಕ್ಕೆ ಬಂದವರ ಮೇಲೆ, ಬೋನಿನಲ್ಲಿ ಬಿದ್ದ ಮರಿಯ ಮೇಲೆ ಅದು ತಿರುಗುವ ಪರಿಯನ್ನು. ಕೊಲ್ಲಲು ಹೊರಟ ಗುಂಪಿನ ಮುಂದಾಳು ಯಾರು, ತಡೆದು ನಿಲ್ಲಿಸುವವರು ಯಾರು, ಎಂಬುದು ಕೊನೆಯವರೆಗೂ ಗೊತ್ತಾಗಬಾರದು.

ಆ ಚಿತ್ರದಲ್ಲಿ ರಾತ್ರಿ ಹನ್ನೊಂದಕ್ಕೆ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಬರುವ ದೃಶ್ಯ ಒಂದು ಇರಲೇಬೇಕು. ಬಲ್ಬು ಹೊತ್ತಿಕೊಂಡ ಕೂಡಲೇ ರೈತ ಎದ್ದು, ಮೋಟಾರು ಹಾಕಲು ಟಾರ್ಚು ಹಿಡಿದು ತೋಟಕ್ಕೆ ಒಬ್ಬನೇ ಹೊರಡುತ್ತಾನೆ, ಮನೆಯಾಕೆ ಬಾಗಿಲಲ್ಲಿ ನಿಂತು ಬೇಡ ಅನ್ನುತ್ತಾಳೆ. ಹಗಲು ಹೊತ್ತು ಕರೆಂಟು ಕೊಡಿ ಎಂದು ಚಿರತೆ ಸೀಮೆಯ ರೈತರು ಕೇಳುತ್ತ ಬಂದಿರುವುದು ಇದಕ್ಕೇ. ಆ ಬೇಡಿಕೆಯನ್ನು ಎಸ್ಕಾಂ ಕಚೇರಿಯ ಮೇಜಿನ ಮೇಲೆ ಇಟ್ಟು ಹಟ ಹಿಡಿಯುವ ಪಾತ್ರವೇ ಆ ಕತೆಯ ನಾಯಕನಾಗಲಿ; ಬಂದೂಕು ಅವನ ಕೈಗೆ ಕೊಡಬೇಕಾದ ಅಗತ್ಯ ಚಿತ್ರಕತೆ ಬರೆಯುವವರಿಗೆ ಬರಲಾರದು.